ಅವಸರಕ್ಕೆ ಕೆಟ್ಟ ಬೇರು

ಜಿನ್ಸೆಂಗ್ ಅನ್ನೋ ಬೇರಿಗೆ ಚೀನಾದಲ್ಲಿ ಹಿಂದಿನಿಂದಲೂ ಬಲು ಬೆಲೆ. 1716ರಲ್ಲಿ ಲಫಿತೋ ಎಂಬ ಫ್ರೆಂಚ್ ಪಾದ್ರಿಗಳು ಕೆನಡಾದ ಮಾಂಟ್ರಿಯಲ್ ಸಮೀಪದಲ್ಲಿ ಅದೇ ಜಾತಿಯ ಗಿಡವನ್ನು ಗುರುತಿಸಿದರು. ಅಲ್ಲಿಂದ ಬೇರು ಹಡಗು ಹತ್ತಿ ಚೀನಾಕ್ಕೆ ಹೊರಟಿತು.

1752ರಲ್ಲಿ ಬೆಲೆ ಏರಿದ್ದೇ ತಡ, ಜನ ಸೆಪ್ಟೆಂಬರ್‌ವರೆಗೆ ಕಾಯದೆ ಮೇ ತಿಂಗಳಲ್ಲೇ ಅಗೆದರು; ಒಲೆಯ ಕಾವಿಗಿಟ್ಟು ದಿಢೀರನೆ ಒಣಗಿಸಿದರು. ಚೀನಾದ ವರ್ತಕರು ಅದನ್ನು ಮುಟ್ಟಲಿಲ್ಲ. 5 ಲಕ್ಷ ಫ್ರಾಂಕಿನ ರಫ್ತು 1754ಕ್ಕೆ 33 ಸಾವಿರಕ್ಕೆ ಇಳಿಯಿತು.

ಬೇರಿನ ಗುಣ ಇರೋದು ಜಿನ್ಸೆನೊಸೈಡ್‌ಗಳಲ್ಲಿ. ನಮ್ಮ ಅಂಟುವಾಳದ ನೊರೆಗೆ ಕಾರಣವಾದ ಸಪೋನಿನ್‌ಗಳ ಬಳಗವೇ ಇದು. ಬೇರು ವರ್ಷ ವರ್ಷ ಬಲಿತಂತೆ ಇವು ಕೂಡಿಕೊಳ್ಳುತ್ತವೆ. ದಣಿವಿಗೆ ತುಸು ನೆರವಾದೀತು, ಸರ್ವರೋಗಕ್ಕೂ ಮದ್ದಲ್ಲ. ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ನುಂಗುವವರು ವೈದ್ಯರನ್ನು ಕೇಳದೆ ಸೇವಿಸಬಾರದು.

ಔಷಧಿ ಬೆಳೆಯೋರು ಇಷ್ಟು ನೆನಪಿಡಿ: ಬಲಿಯದ ಬೇರು ಒಮ್ಮೆ ಹಣ ತಂದೀತು, ಕಳೆದ ನಂಬಿಕೆಯನ್ನು ಮರಳಿ ತಾರದು.