ಬೆಟ್ಟದೊಳಗಿನ ನೀರಿನ ಒತ್ತಡ



ಮಡಿಕೇರಿಗೆ ಸಮೀಪದ ಗಾಳಿಬೀಡಿನ ಹೆಸರನ್ನು ನೀವು ಕೇಳಿರಬಹುದು. ಕೊಡಗಿನ ಜವಾಹರ ನವೋದಯ ವಿದ್ಯಾಲಯ ಇರುವುದು ಇಲ್ಲಿಯೇ. 2018ರ ಆಗಸ್ಟ್ ತಿಂಗಳ ಮಧ್ಯಭಾಗದಲ್ಲಿ ಗಾಳಿಬೀಡಿನ ಸುತ್ತಮುತ್ತ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿಗಳಲ್ಲಿ ಗುಡ್ಡಗಳು ಕುಸಿದವು. ಮನೆ, ಗದ್ದೆ, ಕಾಫಿ ತೋಟಗಳು ಮಣ್ಣುಪಾಲಾದವು, ಜೀವಹಾನಿಯೂ ಆಯಿತು. ಸಾವಿರಾರು ಜನ ಪರಿಹಾರ ಕೇಂದ್ರಗಳನ್ನು ಸೇರಬೇಕಾಯಿತು.

ಮಳೆ ಹೆಚ್ಚಾಯಿತು, ಗುಡ್ಡ ಜರಿಯಿತು ಎಂದರೆ ಉತ್ತರ ಮುಗಿಯಿತೆ? ನೀರು ಗುಡ್ಡವನ್ನು ಕೆಡವುವ ಬಗೆ ಹೇಗೆ? ಇದನ್ನು ತಿಳಿಯಲು ವಿಜ್ಞಾನಕ್ಕೆ ಮುನ್ನೂರು ವರ್ಷಗಳಿಗೂ ಮಿಕ್ಕ ಕಾಲ ಹಿಡಿಯಿತು.

1586ರಲ್ಲಿ ಹಾಲೆಂಡಿನಲ್ಲಿ ನೆಲೆಸಿದ್ದ ಸೈಮನ್ ಸ್ಟೆವಿನ್ ಒಂದು ವಿಚಿತ್ರವನ್ನು ತೋರಿಸಿದ. ಪಾತ್ರೆಯ ತಳದ ಮೇಲಿನ ಒತ್ತಡ ನೀರು ಎಷ್ಟಿದೆ ಎಂಬುದನ್ನಲ್ಲ, ಎಷ್ಟು ಎತ್ತರಕ್ಕೆ ನಿಂತಿದೆ ಎಂಬುದನ್ನು ಅವಲಂಬಿಸುತ್ತದೆ. ಐದು ಮೀಟರ್ ಆಳದ ಕೆರೆಯ ತಳದಲ್ಲಿ ಎಷ್ಟು ಒತ್ತಡವೋ, ಬೆರಳಗಲದ ಐದು ಮೀಟರ್ ಕೊಳವೆಯ ತಳದಲ್ಲಿಯೂ ಅಷ್ಟೇ: ಪ್ರತಿ ಚದರ ಮೀಟರಿಗೆ ಸುಮಾರು ಐದು ಟನ್ ಭಾರ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಬಳಿಕ ಬಂದವನು ಫ್ರಾನ್ಸಿನ ಬ್ಲೇಸ್ ಪಾಸ್ಕಲ್. ಅವನ ಕೋರಿಕೆಯಂತೆ ಅವನ ಭಾವ ಪೆರಿಯೆ 1648ರ ಸೆಪ್ಟೆಂಬರ್ 19ರಂದು ಪಾದರಸದ ಕೊಳವೆಯನ್ನು ಹೊತ್ತು ಪ್ಯುಯಿ ದ ಡೋಮ್ ಬೆಟ್ಟವನ್ನು ಏರಿದ. ತುದಿಯಲ್ಲಿ ಪಾದರಸ ಸುಮಾರು ಎಂಟು ಸೆಂಟಿಮೀಟರ್ ಇಳಿದಿತ್ತು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ ಎಂಬುದು ಖಚಿತವಾಯಿತು. ಮಂಗಳೂರಿನಿಂದ ಘಾಟಿ ಹತ್ತಿ ಮಡಿಕೇರಿಗೆ ಬರುವಾಗ ನಿಮ್ಮ ಕಿವಿ ಕಟ್ಟಿಕೊಳ್ಳುವುದೂ ಇದರಿಂದಲೇ. ಒಂದೆಡೆ ನಿಂತ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬ ನಿಯಮ ಪಾಸ್ಕಲ್ ತೀರಿಕೊಂಡ ಮೇಲೆ, 1663ರಲ್ಲಿ, ಅಚ್ಚಾಯಿತು. ಎಲ್ಲ ದಿಕ್ಕು ಎಂದರೆ ಮೇಲಕ್ಕೂ ಸಹ!

ಇದನ್ನು ಮಣ್ಣಿಗೆ ಅನ್ವಯಿಸಿದವರು ಕಾರ್ಲ್ ಟೆರ್ಜಾಗಿ. ಇಸ್ತಾಂಬುಲಿನಲ್ಲಿ ಪಾಠ ಹೇಳುತ್ತ ಪ್ರಯೋಗ ನಡೆಸಿದ ಈ ಎಂಜಿನಿಯರರ ಗ್ರಂಥ 1925ರಲ್ಲಿ ವಿಯೆನ್ನಾದಲ್ಲಿ ಪ್ರಕಟವಾಯಿತು. ಗುಡ್ಡದ ಮಣ್ಣು ಜಾರದೆ ನಿಲ್ಲುವುದು ಮುಖ್ಯವಾಗಿ ಕಣಗಳು ಒಂದನ್ನೊಂದು ಒತ್ತಿಕೊಂಡಿರುವುದರಿಂದ. ಆ ಒತ್ತುವಿಕೆಯೇ ಘರ್ಷಣೆಗೆ ಮೂಲ. ಸಂದುಗಳಲ್ಲಿ ನೀರು ತುಂಬಿದರೆ ಭಾರದ ಒಂದು ಪಾಲನ್ನು ನೀರು ಹೊರುತ್ತದೆ. ಆದರೆ ನೀರಿಗೆ ಘರ್ಷಣೆ ಎಲ್ಲಿಯದು?

ಸರಳವಾಗಿ ಲೆಕ್ಕ ಮಾಡೋಣ. ಹತ್ತು ಮೀಟರ್ ದಪ್ಪದ ನೆನೆದ ಮಣ್ಣು ತಳದ ಪ್ರತಿ ಚದರ ಮೀಟರಿನ ಮೇಲೆ ಸುಮಾರು ಇಪ್ಪತ್ತು ಟನ್ ಭಾರ ಹೇರುತ್ತದೆ. ನೀರು ಮೇಲ್ಮೈವರೆಗೂ ನಿಂತರೆ ಅದರಲ್ಲಿ ಹತ್ತು ಟನ್ನಿನಷ್ಟನ್ನು ನೀರೇ ಹೊರುತ್ತದೆ. ಕಣಗಳ ನಡುವಿನ ಹಿಡಿತ ಸುಮಾರು ಅರ್ಧಕ್ಕಿಳಿಯಿತು! ಕೆಳಕ್ಕೆ ಎಳೆಯುವ ಭಾರ ಮಾತ್ರ ಕಡಿಮೆಯಾಗಲಿಲ್ಲ. ನೀರು ಎಣ್ಣೆಯಂತೆ ಮಣ್ಣನ್ನು ಜಾರಿಸುತ್ತದೆ ಎಂದು ಈಗಲೂ ಅನೇಕರು ಹೇಳುತ್ತಾರೆ. ಅದು ಸರಿಯಲ್ಲವೆಂದು ಟೆರ್ಜಾಗಿ 1950ರಲ್ಲಿಯೇ ವಿವರಿಸಿದ್ದರು.

ಕೊಡಗಿನಲ್ಲಿ 2018ರ ಜೂನ್‌ನಿಂದಲೇ ಮಳೆ ಹಿಡಿದಿತ್ತು. ಬಂಡೆಯ ಮೇಲಿನ ದಪ್ಪ ಮಣ್ಣು ನೀರುಂಡು ನಿಂತಿದ್ದಾಗ ಆಗಸ್ಟಿನ ಮಳೆ ಸುರಿಯಿತು. ಕೆಲವೆಡೆ ನೆಲದಿಂದ ನೀರು ಚಿಮ್ಮಿದಾಗ ಜನ 'ಜಲಸ್ಫೋಟ' ಎಂದರು. ಸ್ಫೋಟಕ್ಕೆ ಬೇರೆ ಮದ್ದು ಬೇಕಿರಲಿಲ್ಲ. ಮೇಲಿನ ಇಳಿಜಾರಿನಲ್ಲಿ ನಿಂತ ನೀರಿನ ಎತ್ತರವೇ ಸಾಕಿತ್ತು. ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ನೆಟ್ಟಗೆ ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹೇಳಿತು. ಹಾಗೆ ಕಡಿದ ಬರೆಗೆ ಬುಡದ ಆಸರೆ ಇರುವುದಿಲ್ಲ. ನೀರು ಬಸಿಯುವ ಹಳೆಯ ದಾರಿಯೂ ಕೆಡುತ್ತದೆ.

ಈಗ ಸ್ಟೆವಿನ್ನನ ಮಾತಿಗೆ ಬನ್ನಿ. ಗುಡ್ಡದ ನೆತ್ತಿಯಲ್ಲಿ ಬೆರಳಗಲದ ಬಿರುಕು ಕಂಡರೆ, ಇಷ್ಟು ಸಣ್ಣ ಬಿರುಕಿನಲ್ಲಿ ಎಷ್ಟು ನೀರು ಹಿಡಿದೀತು ಎನ್ನಬೇಡಿ. ಅದು ಐದು ಮೀಟರ್ ಆಳವಿದ್ದು ನೀರು ತುಂಬಿದರೆ ತಳದಲ್ಲಿ ಕೆರೆಯಷ್ಟೇ ಒತ್ತಡ, ಅದೂ ಅಡ್ಡಡ್ಡಲಾಗಿ ನೂಕುವಂಥದು. ಆದ್ದರಿಂದ ಬಿರುಕನ್ನು ಜೇಡಿಮಣ್ಣಿನಿಂದ ಮುಚ್ಚಿ, ಮೇಲಿನ ನೀರನ್ನು ಚರಂಡಿ ತೋಡಿ ಬೇರೆಡೆಗೆ ತಿರುಗಿಸುತ್ತಾರೆ. ರಸ್ತೆ ಬದಿಯ ತಡೆಗೋಡೆಗಳಲ್ಲಿ ಸಾಲಾಗಿ ತೂತು ಬಿಟ್ಟಿರುವುದನ್ನು ನೀವು ನೋಡಿರುತ್ತೀರಿ. ಮಳೆಗಾಲದಲ್ಲಿ ಅವುಗಳಿಂದ ನೀರು ಸುರಿಯುತ್ತಿದ್ದರೆ ಗೋಡೆ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಜೋರು ಮಳೆಯಲ್ಲಿಯೂ ಅವು ಒಣಗಿದ್ದರೆ, ಕಸ ಕಟ್ಟಿಕೊಂಡು ಹಿಂದೆ ನೀರು ಏರುತ್ತಿರಬಹುದು.