ಟು-ಲೆಟ್ ಬೋರ್ಡಿನ ಹಿಂದಿನ ಚರಿತ್ರೆ

ಮೈಸೂರಿನ ಬಡಾವಣೆಗಳಲ್ಲಿ ಸಂಜೆ ಹೊತ್ತು ಒಂದು ಸುತ್ತು ಬನ್ನಿ. ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡಿನ ಕೆಳಗೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಸಾಲು ಅಲ್ಲಲ್ಲಿ ಕಾಣುತ್ತದೆ. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ವರ್ಷ ನಾನೂ ಶಾಲೆಯ ಹತ್ತಿರ ಮನೆ ಹುಡುಕಿದೆ. ಬಾಡಿಗೆ, ಅಡ್ವಾನ್ಸ್ ಎಲ್ಲ ಒಪ್ಪಿಗೆಯಾದ ಮೇಲೆ ಹೆಸರು ಕೇಳಿದರು. ಮರುದಿನ ‘ಮಗಳು ಬರುತ್ತಿದ್ದಾಳೆ’ ಎಂಬ ಉತ್ತರ ಬಂತು. ಬೋರ್ಡು ಮಾತ್ರ ತಿಂಗಳವರೆಗೂ ಅಲ್ಲೇ ಇತ್ತು.

ಹಳೆಯ ಮೈಸೂರಿನಲ್ಲಿ ಯಾರು ಎಲ್ಲಿ ವಾಸ ಎಂಬುದನ್ನು ಜಾಗದ ಹೆಸರೇ ಹೇಳುತ್ತಿತ್ತು: ಅಗ್ರಹಾರ, ಕುಂಬಾರಗೇರಿ, ಲಷ್ಕರ್ ಮೊಹಲ್ಲಾ. 1898ರ ಪ್ಲೇಗ್ ಇಕ್ಕಟ್ಟಿನ ಕೇರಿಗಳ ಸ್ಥಿತಿಯನ್ನು ಬಯಲಿಗೆ ತಂದಿತು. 1903ರಲ್ಲಿ ಸಿ.ಐ.ಟಿ.ಬಿ. ಹುಟ್ಟಿ, ರಸ್ತೆ, ಚರಂಡಿ, ಹೊಸ ಬಡಾವಣೆಗಳು ಬಂದವು. ಬಾಡಿಗೆಗೆ ಯಾರನ್ನು ಇಟ್ಟುಕೊಳ್ಳಬೇಕೆಂಬುದು ಮಾತ್ರ ಮಾಲೀಕರ ಮರ್ಜಿಗೇ ಉಳಿಯಿತು.

ಸಂವಿಧಾನದ 15ನೇ ವಿಧಿಯನ್ನು ತೆಗೆದು ನೋಡಿ. ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಜಾತಿ ಧರ್ಮದ ಕಾರಣಕ್ಕೆ ಯಾರನ್ನೂ ತಡೆಯಬಾರದು ಎನ್ನುತ್ತದೆ. ಆ ಪಟ್ಟಿಯಲ್ಲಿ ಬಾಡಿಗೆ ಮನೆ ಇಲ್ಲ! ಅಸ್ಪೃಶ್ಯತೆಯ ಕಾರಣಕ್ಕೆ ವಾಸಕ್ಕೆ ಅಡ್ಡಿಪಡಿಸುವುದು 1955ರ ಕಾಯಿದೆಯಂತೆ ಅಪರಾಧ. ಎಚ್.ಐ.ವಿ. ಸೋಂಕಿತರ ಬಗ್ಗೆ 2017ರಲ್ಲಿ, ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ 2019ರಲ್ಲಿ ಬಂದ ಕಾಯಿದೆಗಳು ಬಾಡಿಗೆ ಮನೆಯ ಹಕ್ಕನ್ನು ಬಾಯಿಬಿಟ್ಟು ಹೇಳುತ್ತವೆ. ಧರ್ಮದ ಕಾರಣಕ್ಕೆ ಮನೆ ನಿರಾಕರಿಸುವ ಖಾಸಗಿ ಮಾಲೀಕರನ್ನು ತಡೆಯುವ ಅಂಥ ಕೇಂದ್ರ ಕಾಯಿದೆ ಇಲ್ಲ. ಕರ್ನಾಟಕದ 1999ರ ಬಾಡಿಗೆ ಕಾಯಿದೆಯ ಮುಖ್ಯ ಚಿಂತೆ ಬಾಡಿಗೆ ದರ ಮತ್ತು ಒಕ್ಕಲೆಬ್ಬಿಸುವಿಕೆ. 2005ರಲ್ಲಿ ಸುಪ್ರೀಂ ಕೋರ್ಟು, ಗುಜರಾತಿನ ಪಾರ್ಸಿ ಗೃಹನಿರ್ಮಾಣ ಸಂಘವೊಂದು ಸದಸ್ಯತ್ವವನ್ನು ಪಾರ್ಸಿಗಳಿಗೆ ಮಾತ್ರ ಸೀಮಿತಗೊಳಿಸಿದ್ದನ್ನು ಎತ್ತಿಹಿಡಿಯಿತು. ಮರುವರ್ಷವೇ ಸಾಚಾರ್ ಸಮಿತಿ ತನ್ನ ವರದಿಯಲ್ಲಿ, ಮನೆ ಕೊಳ್ಳಲು, ಬಾಡಿಗೆಗೆ ಪಡೆಯಲು ಮುಸ್ಲಿಮರು ಪಡುವ ಕಷ್ಟವನ್ನು ದಾಖಲಿಸಿತು.

ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ, 1968ರ ಏಪ್ರಿಲ್ 11ರಂದು, ನ್ಯಾಯಯುತ ವಸತಿ ಕಾಯಿದೆ ಜಾರಿಗೆ ಬಂತು. ತಾನೂ ಅದೇ ಕಟ್ಟಡದಲ್ಲಿರುವ ಸಣ್ಣ ಮಾಲೀಕನಿಗೆ ಅದರಲ್ಲಿ ಕೊಂಚ ವಿನಾಯಿತಿ ಉಂಟು. ಆದರೆ ಇಂಥ ಧರ್ಮದವರಿಗೆ ಮಾತ್ರ ಎಂದು ಜಾಹೀರಾತು ಕೊಡುವಂತಿಲ್ಲ. ಅದಕ್ಕೆ ಅವನಿಗೂ ವಿನಾಯಿತಿ ಇಲ್ಲ.

ಬರೀ ಅವರಿವರನ್ನು ದೂರಿದರೆ ಸಾಲದು. ಕಳೆದ ವರ್ಷ ಉದಯಗಿರಿಯ ಪರಿಚಿತ ಹಿರಿಯರೊಬ್ಬರು, ‘ಮಾಸ್ಟರ್ ಸಾಬ್, ಕನ್ನಡ ಉರ್ದು ಎರಡರಲ್ಲೂ ಒಂದು ಬೋರ್ಡು ಬರೆದುಕೊಡಿ, ಮುಸ್ಲಿಂ ಕುಟುಂಬಕ್ಕೆ ಮಾತ್ರ ಅಂತ ಹಾಕಿ’ ಎಂದರು. ನಾನು ‘ಮನೆ ಬಾಡಿಗೆಗೆ ಇದೆ’ ಎಂದಷ್ಟೇ ಬರೆದುಕೊಟ್ಟೆ. ಎರಡು ದಿನ ಬಿಟ್ಟು ಆ ದಾರಿಯಲ್ಲಿ ಹೋದಾಗ ನೋಡಿದೆ: ಉಳಿದ ಸಾಲನ್ನು ಅವರೇ ಸೀಮೆಸುಣ್ಣದಲ್ಲಿ ಸೇರಿಸಿದ್ದರು.