46 ಲಕ್ಷ ಜಾತಿಗಳು ಎಲ್ಲಿಂದ ಬಂದವು?

ಸಮೀಕ್ಷೆ ಅಂದ ತಕ್ಷಣ ನಾವು ಪ್ರಶ್ನೆಗಳ ಬಗ್ಗೆ ಜಗಳ ಆಡ್ತೀವಿ. ಬಂದ ಉತ್ತರಗಳನ್ನು ಹೇಗೆ ಇಡಬೇಕು ಅನ್ನೋದನ್ನ ಯಾರೂ ಕೇಳಲ್ಲ. ಇವತ್ತು ನಾನು ಅದರ ಇತಿಹಾಸ ಹೇಳ್ತೀನಿ.

1931ರ ಜನಗಣತಿಯಲ್ಲಿ ದಾಖಲಾದ ಜಾತಿಗಳು 4,147. 2011ರಲ್ಲಿ ಶುರುವಾದ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಸಿಕ್ಕಿದ್ದು 46 ಲಕ್ಷಕ್ಕೂ ಹೆಚ್ಚು! ಕೇಂದ್ರ ಸರ್ಕಾರವೇ 2021ರಲ್ಲಿ ಸುಪ್ರೀಂ ಕೋರ್ಟ್‌ಗೆ ಕೊಟ್ಟ ಅಫಿಡವಿಟ್‌ನಲ್ಲಿ ಈ ಲೆಕ್ಕ ಇದೆ. 80 ವರ್ಷದಲ್ಲಿ ಇಷ್ಟೊಂದು ಜಾತಿ ಹುಟ್ಟಿದ್ವಾ? ಇಲ್ಲ. ಗಣತಿಗೆ ಮೊದಲು ಜಾತಿಗಳ ಪಟ್ಟಿಯೇ ಸಿದ್ಧವಾಗಿರಲಿಲ್ಲ. ಜಾತಿ, ಉಪಜಾತಿ, ಗೋತ್ರ, ಮನೆತನದ ಹೆಸರು, ಎಲ್ಲವೂ ಜಾತಿ ಅಂತಲೇ ದಾಖಲಾದವು. ಕೇರಳದ ಮಾಪ್ಪಿಳ ಅನ್ನೋ ಒಂದೇ ಹೆಸರನ್ನು 40 ಥರ ಬರೆದಿದ್ದರಿಂದ ಲೆಕ್ಕದಲ್ಲಿ 40 ಜಾತಿ ಆಯ್ತು. ಆ ಜಾತಿವಾರು ಅಂಕಿಅಂಶ ಪ್ರಕಟವಾಗಲೇ ಇಲ್ಲ.

ಇದಕ್ಕೆ ಬೇಕಾದ ವಿದ್ಯೆ 1970ರಲ್ಲೇ ಬಂದಿತ್ತು. ಅಮೆರಿಕದ ಸ್ಯಾನ್ ಹೋಸೆಯಲ್ಲಿ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಆ ವರ್ಷ ರಿಲೇಷನಲ್ ಡೇಟಾಬೇಸ್‌ನ ಮೂಲ ಪ್ರಬಂಧ ಪ್ರಕಟಿಸಿದರು. ಸಮೀಕ್ಷೆಗೆ ಅದನ್ನು ಹೀಗೆ ಬಳಸಬಹುದು: ಪ್ರಶ್ನೆಗಳಿಗೆ ಒಂದು ಟೇಬಲ್, ಉತ್ತರ ಕೊಟ್ಟವರಿಗೆ ಇನ್ನೊಂದು, ಉತ್ತರಗಳಿಗೆ ಮತ್ತೊಂದು. ಪ್ರತಿ ಉತ್ತರಕ್ಕೆ ಒಂದು ಸಾಲು. ಹೊಸ ಪ್ರಶ್ನೆ ಬಂದ್ರೆ ಟೇಬಲ್ ಒಡೆಯಬೇಕಿಲ್ಲ, ಒಂದು ಸಾಲು ಸೇರಿಸಿದ್ರೆ ಸಾಕು. ನಾಲ್ಕನೇ ಟೇಬಲ್‌ನಲ್ಲಿ ಒಪ್ಪಿತ ಹೆಸರು, ಅದಕ್ಕೊಂದು ಕೋಡ್. ಜನ ಹೇಳಿದ ಮಾತನ್ನು ಅಳಿಸದೆ, ಆ ಕೋಡ್‌ಗೆ ಜೋಡಿಸೋದು.

ಮಾತೃಭಾಷೆ ವಿಷಯದಲ್ಲಿ ನಮ್ಮ ಜನಗಣತಿ ಹೀಗೇ ವಿಂಗಡಿಸುತ್ತೆ. 2011ರಲ್ಲಿ ಜನ ಹೇಳಿದ್ದು 19,569 ಹೆಸರು. ಪರಿಶೀಲಿಸಿ ಗುರುತಿಸಿದ್ದು 1,369 ಮಾತೃಭಾಷೆ. ಕೊನೆಗೆ ಪ್ರಕಟವಾದ ಭಾಷೆಗಳು 121. ಹಾಗಂತ ವಿಂಗಡಣೆ ಬರೀ ತಾಂತ್ರಿಕ ಕೆಲಸ ಅಲ್ಲ. ನೀಲಗಿರಿಯ ಬಡಗ ಮಾತಾಡುವವರು ಆ ಪಟ್ಟಿಯಲ್ಲಿ ಕನ್ನಡದ ಕೆಳಗಿದ್ದಾರೆ. ಅದು ಸರಿಯೋ ತಪ್ಪೋ ಅಂತ ವಾದ ಮಾಡಬಹುದು. ಯಾಕಂದ್ರೆ ಬಡಗ ಅನ್ನೋ ಸಾಲು ಪ್ರತ್ಯೇಕವಾಗಿ ಉಳಿದಿದೆ.

2027ರ ಜನಗಣತಿಯಲ್ಲಿ ಜಾತಿಯನ್ನೂ ಕೇಳ್ತಾರೆ. ನನ್ನ ಪ್ರಕಾರ ನಾವು ಸರ್ಕಾರವನ್ನು ಕೇಳಬೇಕಾದ್ದು ಎರಡೇ: ಕೋಡ್ ಪಟ್ಟಿಯನ್ನು ಮೊದಲೇ ಪ್ರಕಟಿಸ್ತೀರಾ? ನಾವು ಹೇಳಿದ ಹೆಸರನ್ನು ಹಾಗೇ ಉಳಿಸ್ತೀರಾ? ಮೀಸಲಾತಿಯ ಲೆಕ್ಕ ನಿಲ್ಲೋದು ಈ ಉತ್ತರಗಳ ಮೇಲೆ.